ಬಿಲ್ಡಪ್ಪಿಗೆ ತಂದ ಹಸು

ಅಥವಾ ಆ ಪಾಠ ಶನಿವಾರವೇ ಆಗಿತ್ತೇನೋ. ಸೋಮವಾರ ಎಂದು ಇಷ್ಟು ದಿನ ಹೇಳಿಕೊಂಡು ಬಂದಿದ್ದೇನೆ, ಹೇಳಿ ಹೇಳಿ ಅದು ಸೋಮವಾರವೇ ಆಗಿಬಿಟ್ಟಿದೆ. ಭಾನುವಾರ ನಮ್ಮ ಮನೆಯಲ್ಲಿ ಅಷ್ಟೆಲ್ಲ ನಡೆಯಿತು, ಮರುದಿನ ನಾನು ಕಾಲೇಜಿಗೆ ಹೋಗಿ ಬೋರ್ಡಿನ ಮೇಲೆ ‘ಬಿಲ್ಡ್ ಅಪ್’ ಎಂದು ಬರೆದೆ ಎಂದರೆ ಕೇಳುವವರಿಗೆ ಚೆನ್ನಾಗಿರುತ್ತದೆ. ಚೆನ್ನಾಗಿರುತ್ತದೆ ಎಂಬ ಕಾರಣಕ್ಕೇ ನನಗೆ ಅದರ ಮೇಲೆ ನಂಬಿಕೆ ಇಲ್ಲ. ಪಠ್ಯಪುಸ್ತಕಕ್ಕೆ ನಮ್ಮ ಮನೆಯ ಭಾನುವಾರ ಗೊತ್ತಿರಲಿಲ್ಲ.

ಒಂದು ಸಾಕ್ಷಿ ಸೋಮವಾರದ ಕಡೆಗಿದೆ. ಒತ್ತಡ ಸ್ವಲ್ಪಸ್ವಲ್ಪವಾಗಿ ಏರುವುದಕ್ಕೂ ‘ಬಿಲ್ಡ್ ಅಪ್’ ಅನ್ನುತ್ತಾರೆ ಎಂದು ವಿವರಿಸುವಾಗ ನಾನು ಹಸುವಿನ ಕೆಚ್ಚಲಿನ ಉದಾಹರಣೆ ಕೊಟ್ಟೆ. ಭಾನುವಾರದ್ದು ನಡೆದಿರದಿದ್ದರೆ ಆ ಉದಾಹರಣೆ ನನಗೆ ಹೊಳೆಯುತ್ತಿರಲಿಲ್ಲ. ಇನ್ನೊಂದು ಸಾಕ್ಷಿ ಶನಿವಾರದ ಕಡೆಗಿದೆ. ಭಾನುವಾರ ಸಂಜೆ ಅಂಗಳದಲ್ಲಿ ಕುರ್ಚಿಯ ಮೇಲೆ ಕೂತಾಗ ನನ್ನ ತಲೆಯೊಳಗೆ ಆ ಪಾಠದ ಸಾಲುಗಳೇ ಓಡುತ್ತಿದ್ದವು. ಎರಡೂ ನಿಜವಾಗಲು ಸಾಧ್ಯವಿಲ್ಲ. ಎರಡೂ ನೆನಪಿವೆ.

ಪಾಠವನ್ನೇ ಮೊದಲು ಹೇಳುತ್ತೇನೆ.

ಶಿಕಾರಿಪುರದ ಒಂದು ಕಾಲೇಜಿನಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ಅತಿಥಿ ಉಪನ್ಯಾಸಕ, ಅಂದರೆ ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಿ, ಹೊಸದಾಗಿ ಸೇರಿ, ತರಗತಿಗಳು ಮುಗಿದ ಮೇಲೆ ಮನೆಯಲ್ಲಿ ಕೂರುವವನು. ಊರು ಶಿರಾಳಕೊಪ್ಪದ ರಸ್ತೆಯಿಂದ ಸ್ವಲ್ಪ ಒಳಗೆ. ಅಪ್ಪ ಇಲ್ಲ. ಮನೆಯಲ್ಲಿ ನಾನು ಮತ್ತು ಅವ್ವ. ಬಿಡುವಿನಲ್ಲಿ ಬರೆಯುತ್ತೇನೆ. ಬರೆದದ್ದಕ್ಕೆ ಕತೆ ಎನ್ನಬೇಕೋ ಬೇರೇನಾದರೂ ಎನ್ನಬೇಕೋ ಎಂಬುದು ಅಚ್ಚು ಹಾಕುವವರಿಗೂ ಇತ್ಯರ್ಥವಾಗಿಲ್ಲ. ವಯಸ್ಸು ನಲವತ್ತರ ಬಾಗಿಲಲ್ಲಿದೆ.

ಅವತ್ತಿನ ಪಾಠ ಫ್ರೇಸಲ್ ವರ್ಬ್. ಕ್ರಿಯಾಪದಕ್ಕೆ ಚಿಕ್ಕದೊಂದು ಪದ ಅಂಟಿಕೊಂಡು ಅರ್ಥವನ್ನು ಎಲ್ಲೆಲ್ಲಿಗೋ ಎಳೆದುಕೊಂಡು ಹೋಗುವ ಜೋಡಿಪದಗಳು. ‘ಬಿಲ್ಡ್’ ಎಂದರೆ ಕಟ್ಟು. ‘ಅಪ್’ ಸೇರಿದರೆ? ಜ್ವರ ಬಿಟ್ಟು ಎದ್ದವನು ಗಂಜಿಯಿಂದ ಮುದ್ದೆಗೆ, ಮುದ್ದೆಯಿಂದ ರೊಟ್ಟಿಗೆ ಬರುತ್ತಾ ಮೈಗೆ ಶಕ್ತಿ ತುಂಬಿಕೊಳ್ಳುವುದು ಬಿಲ್ಡ್ ಅಪ್. ಸೈಕಲ್ ಮೇಲೆ ಬಟ್ಟೆ ಮಾರುತ್ತಿದ್ದವನು ವರ್ಷಗಟ್ಟಲೆ ದುಡಿದು ಸಂತೆ ಮೈದಾನದ ಎದುರು ಅಂಗಡಿ ಮಾಡುವುದು ಬಿಲ್ಡ್ ಅಪ್. ತೂಬಿಗೆ ಕಸ ಸಿಕ್ಕಿ ಕೆರೆಯ ನೀರು ಹಿಂದಕ್ಕೆ ಒತ್ತಿಕೊಂಡು ಏರುವುದೂ, ಹೊತ್ತಿಗೆ ಕರೆಯದ ಹಸುವಿನ ಕೆಚ್ಚಲು ಬಿಗಿಯುವುದೂ ಅದೇ. ಹೀಗೆ ಬರೆಯುತ್ತಾ ಹೋದೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದ.

“ಸರ್, ಬಿಲ್ಡಪ್ ಕೊಡೋದು ಅಂತಾರಲ್ಲ, ಅದು ಇದ್ರಾಗೆ ಬರಲ್ವಾ?”

“ಅದು ಇಂಗ್ಲಿಷ್ ಅಲ್ಲ.”

“ಮತ್ಯಾವ್ದು ಸರ್?”

“ನಿಮ್ದು.”

ಎಲ್ಲರೂ ನಕ್ಕರು. ಅವನೂ ನಕ್ಕ. ಮುಂದಿನ ಸಾಲಿನ ಹುಡುಗಿಯೊಬ್ಬಳು, “ಪರೀಕ್ಷೆಗೆ ಬರೆದ್ರೆ ಮಾರ್ಕ್ಸ್ ಕೊಡ್ತೀರಾ ಸರ್?” ಎಂದಳು.

“ಸೊನ್ನೆ,” ಎಂದೆ.

ಸ್ಟಾಫ್ ರೂಮಿಗೆ ಬಂದು ಮೊಬೈಲಿನಲ್ಲಿ ನಿಘಂಟು ತೆಗೆದೆ. ಕೆಳಗೆ, ಕೊನೆಗಿಂತ ಸ್ವಲ್ಪ ಮೇಲೆ, ಇನ್ನೊಂದು ಅರ್ಥವಿತ್ತು. ಒಬ್ಬನ ಬಗ್ಗೆ ಬೇರೆಯವರ ಮುಂದೆ ಹೊಗಳಿ ಹೊಗಳಿ, ಅವನು ಇರುವುದಕ್ಕಿಂತ ದೊಡ್ಡವನಾಗಿ ಕಾಣುವಂತೆ ಮಾಡುವುದು. ಹಿಂದಿನ ಬೆಂಚಿನವನು ಕೇಳಿದ್ದಕ್ಕೂ ಇದಕ್ಕೂ ಅಂಥ ದೂರವೇನೂ ಇರಲಿಲ್ಲ. ಮೊಬೈಲನ್ನು ಜೇಬಿಗೆ ಹಾಕಿಕೊಂಡೆ. ಬಸ್ಸಿನ ಹೊತ್ತಾಗಿತ್ತು.

ನನ್ನನ್ನು ಇರುವುದಕ್ಕಿಂತ ದೊಡ್ಡವನಾಗಿ ಕಾಣಿಸುವ ಕೆಲಸವನ್ನು ನಮ್ಮ ಮನೆಯಲ್ಲಿ ಸೋದರಮಾವ ವಹಿಸಿಕೊಂಡಿದ್ದರು. ಅವ್ವನ ಅಣ್ಣ, ಸೊರಬದಲ್ಲಿ ಗೊಬ್ಬರದ ಅಂಗಡಿ. ನನಗೆ ಹೆಣ್ಣು ಹುಡುಕುವುದು ಅವರಿಗೆ ಅಂಗಡಿಯಷ್ಟೇ ಹಳೆಯ ಕಸುಬಾಗಿತ್ತು. ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದರು: “ನಮ್ಮ ಅಳಿಯ ಲೆಕ್ಚರರ್.” ಅತಿಥಿ ಎಂಬುದನ್ನು ಅವರು ನುಂಗುತ್ತಿದ್ದರು. ನಾನು ಪಕ್ಕದಲ್ಲೇ ಇದ್ದರೆ, ಗೊಬ್ಬರದ ಚೀಲಗಳ ಮೇಲಿನ ಅಕ್ಷರ ಓದುತ್ತಾ ನಿಲ್ಲುತ್ತಿದ್ದೆ.

ಅವರು ತಂದ ಸಂಬಂಧಗಳಲ್ಲಿ ಇದು ಕೊನೆಯದು. ಹುಡುಗಿ ಸೊರಬದವಳು. ಫಾರ್ಮಸಿ ಓದಿ ಅಲ್ಲೇ ಒಂದು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ನಾವು ಅವರ ಮನೆಗೆ ಹೋದಾಗ ಅವಳ ಅಪ್ಪ ಮೊದಲು ಕೇಳಿದ್ದು ನನ್ನ ಕೆಲಸದ ಬಗ್ಗೆಯೇ.

“ಪರ್ಮನೆಂಟಾ?”

“ಆಗೋದ್ರಲ್ಲಿದೆ,” ಎಂದರು ಮಾವ.

ಅದು ಹತ್ತು ವರ್ಷದಿಂದ ಆಗುವುದರಲ್ಲಿದೆ. ನಾನು ತಟ್ಟೆಯಲ್ಲಿದ್ದ ಚಕ್ಕುಲಿಯ ಸುರುಳಿಗಳನ್ನು ನೋಡುತ್ತಾ ಕೂತೆ.

ಸ್ವಲ್ಪ ಹೊತ್ತಿಗೆ, ಇಬ್ಬರೂ ಮಾತಾಡಿಕೊಳ್ಳಲಿ ಎಂದು ನಮ್ಮನ್ನು ಹಿತ್ತಲಿಗೆ ಕಳಿಸಿದರು. ಅವಳೇ ಶುರು ಮಾಡಿದಳು.

“ನೀವು ಏನೋ ಬರೀತೀರಂತೆ.”

“ಹೌದು.”

“ನಮ್ಮ ಅಂಗಡಿಗೆ ಬರೋ ಮೇಷ್ಟ್ರೊಬ್ರು ಓದಿದಾರೆ. ತಲೆ ಬುಡ ಗೊತ್ತಾಗ್ಲಿಲ್ಲ ಅಂದ್ರು.”

“ಒಂದೊಂದ್ಸಲ ನನಗೂ ಗೊತ್ತಾಗಲ್ಲ.”

“ಡಾಕ್ಟ್ರ ಚೀಟಿ ಆಗಿದ್ರೆ ನಾನು ಹೆಂಗೋ ಓದ್ತಿದ್ದೆ ನೋಡಿ,” ಎಂದಳು. ನಕ್ಕಳು ಎಂದು ಬರೆಯಬೇಕೆನ್ನಿಸುತ್ತದೆ. ನಕ್ಕಿರಲಿಕ್ಕಿಲ್ಲ. ಬಟ್ಟೆ ಒಣಹಾಕಿದ ತಂತಿಯನ್ನು ಒಂದು ಕೈಯಲ್ಲಿ ಹಿಡಿದು ಗಂಭೀರವಾಗಿಯೇ ಹೇಳಿದಳು, ನಾನು ನಕ್ಕೆ. ಅಲ್ಲಿಯವರೆಗೆ ನೋಡಿದ ಮನೆಗಳಲ್ಲಿ ಯಾರೂ ನನ್ನ ಜೊತೆ ತಮಾಷೆ ಮಾಡಿರಲಿಲ್ಲ. ವಾಪಸು ಬಸ್ಸಿನಲ್ಲಿ ಬರುವಾಗ, ಈ ಸಂಬಂಧ ಆಗಬೇಕು ಎಂದು ನನಗೆ ತೀರಾ ಅನ್ನಿಸಿತು. ಹಾಗೆ ಅನ್ನಿಸಿದ್ದು ಅದೇ ಮೊದಲು. ಅದುವರೆಗೆ ಆಗದೇ ಇದ್ದದ್ದು ಅವ್ವನ ಚಿಂತೆಯಾಗಿತ್ತು. ಈಗ ಅದು ನನ್ನದೂ ಆಯಿತು.

ನಮ್ಮ ಕಡೆ ಹುಡುಗನ ಮನೆಯವರು ಹೆಣ್ಣು ನೋಡಿ ಬಂದ ಮೇಲೆ, ಹೆಣ್ಣಿನ ಕಡೆಯವರು ಮನೆ ನೋಡಲು ಬರುತ್ತಾರೆ. ಮುಂದಿನ ಭಾನುವಾರ ಬರುವುದೆಂದಾಯಿತು. ಹುಡುಗಿಯೂ ಬರುತ್ತಾಳೆ ಎಂದು ಮಾವ ಫೋನಿನಲ್ಲಿ ಹೇಳಿದರು. ಮನೆ ನೋಡಲು ಹುಡುಗಿಯೇ ಬರುವುದು ನಮ್ಮಲ್ಲಿ ಹೊಸತು. ನನಗೆ ಖುಷಿಯಾಯಿತು. ಫೋನು ಸ್ಪೀಕರಿನಲ್ಲಿತ್ತು. ಮಾವ ಮುಂದುವರಿಸಿದರು.

“ಮತ್ತೆ, ಮನೇಲಿ ಕರಾವು ಐತೆ ಅಂದೀನಿ.”

“ಎಲ್ಲೈತೆ ಅಣ್ಣ?” ಎಂದಳು ಅವ್ವ. “ನಂಗೆ ಮಂಡಿನೋವು ಅಂತ ಹೋದ ವರ್ಷನೇ ಕೊಟ್ವಲ್ಲ.”

“ಕೊಟ್ಟಿದ್ದು ಅವರಿಗೇನು ಗೊತ್ತು? ಖಾಲಿ ಕೊಟ್ಟಿಗೆ ಕಂಡ್ರೆ ಮನೆ ಇಳಿದೈತೆ ಅಂತಾರೆ. ಒಂದು ಹಸು ತಂದು ಕಟ್ಟು ಅವತ್ತಿಗೆ.”

“ಮಾವ, ಅದೆಲ್ಲ ಬೇಡ,” ಎಂದೆ.

“ನೀನು ಸುಮ್ನಿರೋ ಅಳಿಯ. ನಿನ್ನೊಬ್ಬನ್ನೇ ತೋರಿಸಿ ನೋಡಿದ್ದಾತಲ್ಲ ಇಷ್ಟು ದಿನ.”

ಅವರು ಅದನ್ನು ಕೆಟ್ಟದಾಗಿ ಹೇಳಲಿಲ್ಲ. ಒಂದು ಗೊಬ್ಬರ ಹಿಡಿಯಲಿಲ್ಲ, ಇನ್ನೊಂದು ಹಾಕಿ ನೋಡೋಣ ಎಂದು ರೈತರಿಗೆ ಹೇಳುವ ದನಿಯಲ್ಲೇ ಹೇಳಿದರು. ಅವ್ವ ಫೋನು ಇಟ್ಟಳು. ನನ್ನ ಮುಖ ನೋಡಲಿಲ್ಲ. ನಾನೂ ನೋಡಲಿಲ್ಲ. ಆ ವಾರದುದ್ದಕ್ಕೂ ನಾಚಿಕೆ ಎಂಬುದು ನಮ್ಮಿಬ್ಬರ ನಡುವೆ ಇನ್ನೊಬ್ಬರು ಮನೆಗೆ ಬಂದು ಉಳಿದಂತೆ ಓಡಾಡಿತು. ಅವಳಿಗೆ ಸುಳ್ಳಿನ ನಾಚಿಕೆ. ನನಗೆ, ಪಕ್ಕದಲ್ಲಿ ಒಂದು ಹಸು ನಿಲ್ಲಿಸದಿದ್ದರೆ ನಾನು ಸಾಲುವುದಿಲ್ಲ ಎಂಬುದರಲ್ಲಿ ಅವಳಿಗೂ ಅನುಮಾನವಿರಲಿಲ್ಲವಲ್ಲ ಎಂಬ ನಾಚಿಕೆ.

ಮೂರು ಮನೆ ಆಚೆ ಒಬ್ಬ ಅಕ್ಕನ ಹತ್ತಿರ ಹಾಲು ಕೊಡುವ ಹಸು ಇತ್ತು. ಅವ್ವ ಕೇಳಲು ಹೋದಾಗ ನಾನೂ ಹೋದೆ.

“ಒಂದು ಮಧ್ಯಾಹ್ನ ತಾನೆ, ಕಟ್ಕಳ್ರಿ,” ಎಂದಳು ಅಕ್ಕ. “ಮೈ ತೊಳೆದು ಕೊಡ್ಲೋ, ಹಂಗೇ ಸಾಕೋ?”

“ನಗ್ಬೇಡ ಮಾರಾಯ್ತಿ.”

“ನಾನೆಲ್ಲಿ ನಕ್ಕೆ? ಕರ ಮಾತ್ರ ಕೊಡಲ್ಲ ಮತ್ತೆ. ಗೊತ್ತಿಲ್ದ ಜಾಗದಾಗೆ ಹಗ್ಗ ಬಿಡಿಸ್ಕಂಡು ಹಾಲೆಲ್ಲ ಕುಡಿದುಬಿಡ್ತದೆ. ಸಂಜೆ ಕರಿಯೋ ಹೊತ್ತಿಗೆ ಹಸು ಹೊಡ್ಕಂಡು ಬಂದ್ಬಿಡ್ರಿ.”

ಇದರಲ್ಲಿ ತಪ್ಪೇನಿದೆ ಎಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಬರುವವರು ಹನ್ನೊಂದಕ್ಕೆ ಬರುವವರಿದ್ದರು. ಊಟ ಮಾಡಿ ಮೂರಕ್ಕೆ ಹೊರಟರೆ ಹಸು ತನ್ನ ಮನೆಯಲ್ಲಿರುತ್ತಿತ್ತು.

ಭಾನುವಾರ ಬೆಳಿಗ್ಗೆ ಹಸುವನ್ನು ನಾನೇ ಹಿಡಿದು ತಂದೆ. ಅದು ಎರಡು ಹೆಜ್ಜೆಗೊಮ್ಮೆ ನಿಂತು ಹಿಂದೆ ತಿರುಗುತ್ತಿತ್ತು. ಜಗಲಿಯ ಮೇಲೆ ಕೂತಿದ್ದವರೊಬ್ಬರು, “ಏನ್ ಮೇಷ್ಟ್ರೆ, ಹಸು ತಗಂಡ್ರಾ?” ಎಂದರು. “ಇಲ್ಲ, ಹಂಗೇ,” ಎಂದೆ. “ಹಂಗೇ ಅಂದ್ರೆ? ವಾಕಿಂಗಾ?” ಎಂದರು ಅವರು. ಮನೆಗೆ ಬಂದು ನೋಡಿದರೆ ಅವ್ವ ಪ್ಯಾಕೆಟ್ ಹಾಲನ್ನು ಹಿತ್ತಾಳೆಯ ಪಾತ್ರೆಗೆ ಸುರಿದು, ಖಾಲಿ ಪ್ಯಾಕೆಟ್ಟುಗಳನ್ನು ಮಡಚಿ ಮಡಚಿ ಒಲೆಯ ಹಿಂದಿನ ಸಂದಿಯಲ್ಲಿ ತುರುಕುತ್ತಿದ್ದಳು. ಅವಳು ನನ್ನನ್ನು ಕಂಡು ಕೈ ಹಿಂದಕ್ಕೆ ತೆಗೆದುಕೊಂಡಳು. ಏನೋ ಕದ್ದವಳ ಹಾಗೆ.

ಅವರು ಬಂದದ್ದು ಎರಡೂವರೆ ದಾಟಿದ ಮೇಲೆ. ದಾರಿಯಲ್ಲಿ ಯಾರದ್ದೋ ಗೃಹಪ್ರವೇಶವಿತ್ತಂತೆ, ಊಟ ಅಲ್ಲೇ ಆಗಿತ್ತು. ಹುಡುಗಿ, ಅವಳ ಅಪ್ಪ ಅಮ್ಮ, ಅಪ್ಪನ ಅಣ್ಣ ಅಂದರೆ ಅವಳ ದೊಡ್ಡಪ್ಪ. ಜೊತೆಯಲ್ಲಿ ನಮ್ಮ ಮಾವ. ಟೀ ಕುಡಿದರು. ದೊಡ್ಡಪ್ಪ ಕಡಿಮೆ ಮಾತಿನ ಮನುಷ್ಯ, ಆದರೆ ಅವರು ಹೇಳಿದ್ದು ಆಗುತ್ತಿತ್ತು ಎಂಬುದು ಉಳಿದವರು ಅವರ ಲೋಟ ಕೆಳಗಿಡುವವರೆಗೂ ಕಾಯುತ್ತಿದ್ದುದರಲ್ಲೇ ತಿಳಿಯುತ್ತಿತ್ತು.

ಹುಡುಗಿಯ ಅಮ್ಮ ಮನೆಯೊಳಗೆಲ್ಲ ನೋಡಿಕೊಂಡು ಕೊಟ್ಟಿಗೆಯ ಬಾಗಿಲಿಗೆ ಬಂದರು.

“ಹಸು ಬೇರೆ ಇದೆಯಾ?”

“ಐತ್ರೀ,” ಎಂದಳು ಅವ್ವ.

“ಸಗಣಿ ಬಾಚೋದಕ್ಕೆಲ್ಲ ಆಳು ಇದಾರಾ?”

ಅವ್ವನಿಗೆ ಅದು ಮನೆಯ ಅಚ್ಚುಕಟ್ಟಿನ ಬಗ್ಗೆ ಕೇಳಿದ ಪ್ರಶ್ನೆಯಂತೆ ಕಂಡಿರಬೇಕು. “ಆಳ್ಯಾಕ್ರೀ? ನಾನೇ ಮಾಡ್ತೀನಿ. ನಾಳೆ ಸೊಸೆ ಬಂದ್ರೆ...” ಎಂದು ಅರ್ಧಕ್ಕೆ ನಿಂತಳು. ಹುಡುಗಿಯ ಅಮ್ಮ ಹಸುವನ್ನಲ್ಲ, ನೆಲದ ಮೇಲೆ ಆಗ ತಾನೇ ಬಿದ್ದಿದ್ದ ಸಗಣಿಯನ್ನು ನೋಡುತ್ತಿದ್ದರು.

“ನಮ್ಮವಳು ಬೆಳಿಗ್ಗೆ ಒಂಬತ್ತಕ್ಕೆ ಅಂಗಡಿಗೆ ಹೋಗ್ಬೇಕು,” ಎಂದರು.

“ಆಳು ಇಟ್ರಾತು ಬಿಡ್ರಿ, ಅದೇನ್ ದೊಡ್ಡದು,” ಎಂದು ಮಾವ ಹಿಂದಿನಿಂದ ಹೇಳಿದರು.

ನಾನು ಅಲ್ಲೇ ಇದ್ದೆ. ಈಗಿನ ಕಾಲದಲ್ಲಿ ಹೆಣ್ಣಿನ ಕಡೆಯವರು ದನ ಇಲ್ಲದ ಮನೆ ಹುಡುಕುತ್ತಾರೆ ಎಂಬುದು ನನಗೆ ಗೊತ್ತಿರಬೇಕಿತ್ತು. ಕಾಲೇಜಿನ ಹುಡುಗಿಯರು ಹಾಗೆ ಮಾತಾಡುವುದನ್ನು ಕೇಳಿದ್ದೆ. ಗೊತ್ತಿದ್ದದ್ದು ಆ ವಾರ ನೆನಪಿಗೆ ಬರಲಿಲ್ಲ. ನಮ್ಮ ಕೊಟ್ಟಿಗೆ ಖಾಲಿ ಇದ್ದದ್ದೇ ನನಗಿದ್ದ ಒಂದು ಅನುಕೂಲ. ಅದನ್ನು ಬೆಳಿಗ್ಗೆ ನಾನೇ ಹಗ್ಗ ಹಿಡಿದು ಎಳೆತಂದು ತುಂಬಿಸಿದ್ದೆ.

ಆಮೇಲೆ ಗಂಡಸರು ಹೊಲ ನೋಡಲು ಹೋದೆವು. ಮೆಕ್ಕೆಜೋಳ, ಬೋರು, ಬದುವಿನ ಮೇಲಿನ ತೆಂಗು. ದೊಡ್ಡಪ್ಪ ಪ್ರತಿಯೊಂದರ ಮುಂದೂ ನಿಂತರು. ವಾಪಸು ಅಂಗಳಕ್ಕೆ ಬಂದು ಕೂತವರು ಗಡಿಯಾರ ನೋಡಿಕೊಂಡರು.

“ನಾಲ್ಕೂವರೆ ಆತು. ರಾಹುಕಾಲ ಹಿಡೀತು. ಇನ್ನು ಆರರ ತನಕ ಹೊರಡೋ ಹಂಗಿಲ್ಲ.”

ಶುಭಕಾರ್ಯಕ್ಕೆ ಬಂದವರು ಭಾನುವಾರ ಸಂಜೆಯ ಆ ಒಂದೂವರೆ ಗಂಟೆಯಲ್ಲಿ ಎದ್ದು ಹೋಗುವುದಿಲ್ಲ. ಮಾವ ಕೊಟ್ಟಿಗೆಯ ಕಡೆ ಒಮ್ಮೆ ನೋಡಿ, “ಕೂರ್ರೀ, ಕೂರ್ರೀ, ಅರ್ಜೆಂಟೇನಿದೆ?” ಎಂದರು. ಬೇರೆ ಏನು ಹೇಳಲು ಸಾಧ್ಯವಿತ್ತು? ಸ್ವತಃ ಅವರೇ ರಾಹುಕಾಲದಲ್ಲಿ ಅಂಗಡಿಯ ಬಾಗಿಲು ತೆಗೆಯುವವರಲ್ಲ.

ಹಸು ಮೊದಲ ಸಲ ಕೂಗಿದ್ದು ಅದಾಗಿ ಸ್ವಲ್ಪ ಹೊತ್ತಿಗೆ. ಯಾರೂ ಗಮನ ಕೊಡಲಿಲ್ಲ. ಎರಡನೇ ಸಲ ಕೂಗಿದಾಗ ಮೂರು ಮನೆ ಆಚೆಯಿಂದ ಕರು ಉತ್ತರ ಕೊಟ್ಟಿತು. ಸಣ್ಣ, ಒಡಕು ದನಿ. ಅಂಗಳದಲ್ಲಿ ಕೂತಿದ್ದವರೆಲ್ಲ ದನ ಕಟ್ಟಿ ಬೆಳೆದವರೇ. ಹಸು ಕೂಗಿದರೆ ಕರು ಎಲ್ಲಿದೆ ಎಂದು ಕಿವಿಯೇ ಹುಡುಕುತ್ತದೆ, ಅದಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಎಲ್ಲರ ಕಿವಿಯೂ ಹುಡುಕಿತು. ಎಲ್ಲರೂ ಬೇರೆ ಕಡೆ ನೋಡಿದರು.

“ಈ ಸಲ ಜೋಳಕ್ಕೆ ಹುಳ ಕಡಿಮೆ, ಅಲ್ರೀ?” ಎಂದರು ಮಾವ.

“ಕಡಿಮೆ,” ಎಂದರು ದೊಡ್ಡಪ್ಪ.

ಆಗಲೇ ಹುಡುಗಿಯ ಅಪ್ಪ, ಪಾಪ, ಹೊತ್ತು ಕಳೆಯಲೆಂದೇ ಇರಬೇಕು, “ಅವರಿಬ್ಬರು ಒಂಚೂರು ಮಾತಾಡ್ಕಳ್ಳಿ ಬಿಡಿ,” ಎಂದರು. ನಮ್ಮ ಮನೆಯಲ್ಲಿ ಇಬ್ಬರು ಬೇರೆ ಕೂತು ಮಾತಾಡುವಂಥ ಜಾಗವೇ ಇಲ್ಲ. ಒಳಗೆ ಹೆಂಗಸರಿದ್ದರು, ಹೊರಗೆ ಗಂಡಸರು. ನಾವು ಹೋಗಿ ನಿಂತದ್ದು ಕೊಟ್ಟಿಗೆಯಲ್ಲಿ.

ಹಸು ಹಗ್ಗ ಎಳೆದು ಎಳೆದು ಕೊರಳಿನ ಹತ್ತಿರ ಕೂದಲು ಎದ್ದಿತ್ತು. ಕೆಚ್ಚಲು ಬಿಗಿದು ಹೊಳೆಯುತ್ತಿತ್ತು. ಮೊಲೆಯಿಂದ ಹಾಲು ತಾನಾಗಿಯೇ ತೊಟ್ಟಿಕ್ಕುತ್ತಿತ್ತು. ಹುಡುಗಿ ಅದನ್ನು ನೋಡುತ್ತಾ ಕೇಳಿದಳು.

“ಎಷ್ಟನೇ ಕರ ಇದಕ್ಕೆ?”

ನನಗೆ ಗೊತ್ತಿರಲಿಲ್ಲ. ಹಾಗೇ ಹೇಳಿದೆ.

“ನಿಮ್ಮದೇ ಹಸು ಅಲ್ದಾ?”

ಇಲ್ಲಿ ನನ್ನ ನೆನಪು ಎರಡಾಗುತ್ತದೆ. ಒಂದರಲ್ಲಿ ನಾನು “ಅಲ್ಲ” ಎನ್ನುತ್ತೇನೆ, ಅವಳು “ಗೊತ್ತಾತು ಬಿಡಿ” ಎನ್ನುತ್ತಾಳೆ. ಇನ್ನೊಂದರಲ್ಲಿ ನಾನು “ಅವೆಲ್ಲ ಅವ್ವಂಗೆ ಗೊತ್ತು” ಎಂದು ಗೋಡೆಗೆ ಒರಗಿಸಿಟ್ಟಿದ್ದ ಪೊರಕೆ ನೋಡುತ್ತೇನೆ, ಅವಳು ಕೆಚ್ಚಲನ್ನೇ ನೋಡುತ್ತಾಳೆ. ಎರಡನ್ನೂ ಬರೆದು ನೋಡಿದ್ದೇನೆ. ಮೊದಲನೆಯದರಲ್ಲಿ ನಾನು ಸ್ವಲ್ಪ ಒಳ್ಳೆಯವನಾಗಿ ಕಾಣುತ್ತೇನೆ. ಎರಡನೆಯದೇ ನಿಜ ಎಂದು ತೀರ್ಮಾನಿಸಲು ಅಷ್ಟು ಸಾಕು ಎಂದು ಒಂದೊಂದು ದಿನ ಅನ್ನಿಸುತ್ತದೆ. ಮತ್ತೊಂದು ದಿನ, ನನ್ನನ್ನೇ ನಾನು ಹಳಿದುಕೊಳ್ಳುವುದೂ ಒಂದು ಬಗೆಯ ಬಿಲ್ಡಪ್ ಅಲ್ಲವೇ ಎನ್ನಿಸುತ್ತದೆ. ಕರು ಮತ್ತೆ ಕೂಗಿದ್ದು, ಅವಳು ಆ ದಿಕ್ಕಿಗೆ ತಿರುಗಿದ್ದು ಮಾತ್ರ ಎರಡರಲ್ಲೂ ಒಂದೇ.

ಅಷ್ಟರಲ್ಲಿ ಅವ್ವ ಬಂದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು. ನಮ್ಮಿಬ್ಬರನ್ನೂ ನೋಡದೆ ನೇರವಾಗಿ ಗೂಟದ ಹತ್ತಿರ ಹೋಗಿ ಬಗ್ಗಿದಳು.

“ತಡ್ಕಳಾಕಾಗಲ್ಲ ಅದಕ್ಕೆ,” ಎಂದಳು, ಯಾರಿಗೋ.

ಹಗ್ಗ ಬಿಚ್ಚಿದಳು. ನಮ್ಮ ಕೊಟ್ಟಿಗೆಗೆ ಬೇರೆ ಬಾಗಿಲಿಲ್ಲ, ಅಂಗಳ ದಾಟಿಯೇ ಹೋಗಬೇಕು. ಹಸು ಮುಂದೆ, ಅವ್ವ ಹಿಂದೆ. ಹಸುವೇ ಅವ್ವನನ್ನು ಎಳೆದುಕೊಂಡು ಹೋಯಿತು, ಮಂಡಿನೋವಿನ ಹೆಂಗಸು ಅರ್ಧ ಓಡುತ್ತಿದ್ದಳು. ದೊಡ್ಡಪ್ಪ ಕುರ್ಚಿಯ ಮೇಲೆ ಕೂತಲ್ಲಿಂದಲೇ ಎರಡೂ ಕಾಲು ಮಡಚಿ ದಾರಿ ಬಿಟ್ಟರು. ಮಾವ ಎದ್ದು ನಿಂತು, “ಅದೂ... ಅಲ್ಲೇ ಕರೆಯೋದು ರೂಢಿ,” ಎಂದರು.

“ಹೌದು ಹೌದು,” ಎಂದರು ದೊಡ್ಡಪ್ಪ.

ಬೀದಿಯಲ್ಲಿ ಯಾರೋ ನಕ್ಕರು. ಕರುವಿನ ದನಿ ಒಂದು ಸಲ ಜೋರಾಗಿ ಎದ್ದು ಥಟ್ಟನೆ ನಿಂತಿತು. ಕರುವಿನ ಬಾಯಿಗೆ ಮೊಲೆ ಸಿಕ್ಕಿತ್ತು. ಆರು ಗಂಟೆಗೆ ಇನ್ನೂ ಬಹಳ ಹೊತ್ತಿತ್ತು. ರಾಹುಕಾಲ ಎಲ್ಲರನ್ನೂ ಕುರ್ಚಿಗೆ ಕಟ್ಟಿಹಾಕಿತ್ತು.

ಕೂತೆವು. ನಾನು ಪದದೊಳಗೆ ಹೋಗಿ ಅಡಗಿಕೊಂಡೆ. ಶಕ್ತಿ, ವ್ಯಾಪಾರ, ಕೆರೆಯ ನೀರು. ಇಂಗ್ಲಿಷಿನ ಆ ಅರ್ಥಗಳಿಗೆಲ್ಲ ಕಾಲ ಬೇಕು, ಸ್ವಲ್ಪಸ್ವಲ್ಪವೇ ಸೇರಬೇಕು. ಹಿಂದಿನ ಬೆಂಚಿನವನ ಅರ್ಥಕ್ಕೆ ಒಂದು ಮಧ್ಯಾಹ್ನ ಸಾಕು, ಹಗ್ಗ ಹಿಡಿಯುವ ಒಬ್ಬ ಬೇಕು. ಹೀಗೆಲ್ಲ ಯೋಚಿಸಿದೆ. ಅಥವಾ ಅವತ್ತು ಸುಮ್ಮನೆ ನೆಲ ನೋಡುತ್ತಾ ಕೂತಿದ್ದೆ, ಯೋಚನೆಗಳನ್ನು ಆಮೇಲೆ ತಂದು ಅಲ್ಲಿ ಕೂರಿಸಿದ್ದೇನೆ. ಬೆನ್ನಿನಲ್ಲಿ ಬೆವರು ಇಳಿಯುತ್ತಿದ್ದದ್ದು ಮಾತ್ರ ಖಂಡಿತ. ಅಂಗಿ ಕುರ್ಚಿಗೆ ಅಂಟಿತ್ತು. ಏಳಬೇಕೆನ್ನಿಸಿದರೂ ಅಂಟಿದ್ದು ಕಾಣುತ್ತದೆಂದು ಏಳಲಿಲ್ಲ.

ಅವ್ವ ವಾಪಸು ಬಂದಳು. ಹಗ್ಗವೂ ಕೈಯಲ್ಲಿರಲಿಲ್ಲ. ಹುಡುಗಿಯ ಅಮ್ಮ ಏನಾದರೂ ಕೇಳಬೇಕಲ್ಲ ಎಂದು, “ಎಷ್ಟು ಹಾಲಾತ್ರೀ?” ಎಂದರು.

“ಅವರು ಕರ್ಕಂಡ್ರು. ನಾನು ಕೇಳ್ಲಿಲ್ರೀ,” ಎಂದಳು ಅವ್ವ.

ಹೇಳಿ ಆದ ಮೇಲೂ ಅವಳ ಮುಖದಲ್ಲಿ ಗಾಬರಿ ಕಾಣಲಿಲ್ಲ. ಒಳಗೆ ಹೋಗಿ ಇನ್ನೊಂದು ಸಲ ಟೀ ಮಾಡಿ ತಂದಳು. ದೊಡ್ಡಪ್ಪ ಒಂದು ಗುಟುಕು ಕುಡಿದು, ಟೀ ಚೆನ್ನಾಗಿದೆ ಎಂದರು. ಕರುಣೆಯಿಂದ ಹೇಳಿದರು. ಬೈದಿದ್ದರೆ ಬೈಸಿಕೊಳ್ಳಬಹುದಿತ್ತು.

ಆರಾದ ಮೇಲೆ ಎದ್ದರು. ಕಾರಿನ ಹತ್ತಿರ ಹುಡುಗಿ ಅವ್ವನ ಕೈ ಹಿಡಿದು ಏನೋ ಹೇಳಿದಳು, ಎರಡು ಮೂರು ಮಾತು. ಇಂಜಿನ್ ಶುರುವಾಗಿತ್ತು, ನನಗೆ ಕೇಳಿಸಲಿಲ್ಲ. ಅವ್ವ ತಲೆ ಆಡಿಸಿದಳು. ಏನಂದಳು ಎಂದು ಆಮೇಲೆ ಕೇಳಿದರೆ, “ಏನಿಲ್ಲ, ಹೋಗ್ಬರ್ತೀನಿ ಅಂದ್ಲು,” ಎಂದಳು. ಹೋಗಿ ಬರುತ್ತೇನೆ ಎನ್ನಲು ಅಷ್ಟು ಮಾತು ಬೇಕಾಗುವುದಿಲ್ಲ.

ವಾರ ಕಳೆದರೂ ಸುದ್ದಿ ಬರಲಿಲ್ಲ. ನಾನು ಸೊರಬಕ್ಕೆ ಹೋದೆ. ಮಾವ ಅಂಗಡಿಯಲ್ಲಿ ಒಬ್ಬರೇ ಇದ್ದರು.

“ದನ ಕರ ಇರೋ ಮನೆ ಅಂತ ಹಿಂದೆ ಮುಂದೆ ನೋಡ್ತಿದಾರಂತೆ ಕಣೋ,” ಎಂದರು.

“ಹಂಗಾದ್ರೆ ಹೇಳಿಬಿಡಿ ಮಾವ, ನಮ್ಮನೇಲಿ ದನ ಇಲ್ಲ ಅಂತ.”

“ಕಣ್ಣಾರೆ ನೋಡಿ ಹೋಗಿದಾರಲ್ಲ.”

“ಅದು ನಮ್ಮದಲ್ಲ ಅನ್ನೋದನ್ನೂ ನೋಡಿ ಹೋಗಿದಾರೆ.”

ಮಾವ ತಕ್ಕಡಿಯ ಮೇಲಿನ ಧೂಳು ಒರೆಸಿದರು. “ನೋಡಿದಾರೆ, ಆದ್ರೆ ನಾವು ಹೇಳಿಲ್ಲ. ಹೇಳದೆ ಇರೋ ತನಕ ಅವರೂ ನಮ್ಮನ್ನ ಸುಳ್ಳರು ಅನ್ನೋ ಹಂಗಿಲ್ಲ. ನಾವೇ ಹೋಗಿ ಒಪ್ಕಂಡ್ರೆ ನಿಮ್ಮವ್ವನ ಮುಖ ಎಲ್ಲಿಡಾಣ?”

“ನಾನು ಹೋಗಿ ಹೇಳ್ಲಾ? ಆ ಅಂಗಡಿಗೆ?”

“ಹೋಗು,” ಎಂದರು ಮಾವ. “ಏನಂತೀಯ? ಒಂದು ತಲೆನೋವಿನ ಮಾತ್ರೆ ಕೊಡಿ, ಹಸು ನಮ್ಮದಲ್ಲ ಅಂತೀಯ?”

ಇಬ್ಬರಿಗೂ ನಗು ಬಂತು. ನಕ್ಕದ್ದಕ್ಕೇ ಹೋಗುವುದು ಸಾಧ್ಯವಾಗದೇ ಹೋಯಿತು. ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲೇ ಆ ಅಂಗಡಿ ಇದೆ. ನಾನು ರಸ್ತೆಯ ಇನ್ನೊಂದು ಬದಿಯಲ್ಲಿ ನಡೆದೆ. ಒಳಗೆ ಒಬ್ಬಳು ಯಾರಿಗೋ ಕಪಾಟಿನಿಂದ ಮಾತ್ರೆ ತೆಗೆಯುತ್ತಿದ್ದಳು, ಬೆನ್ನು ಕಾಣುತ್ತಿತ್ತು. ಅದು ಅವಳೇ ಎಂದು ನನಗನ್ನಿಸಿತು.

ಅದಾಗಿ ಕೆಲವು ದಿನಕ್ಕೆ ಮಾವ ಅವ್ವನಿಗೆ ಫೋನು ಮಾಡಿದರು. ಸದ್ಯಕ್ಕೆ ಬೇಡ ಎಂದರಂತೆ. ಕಾರಣ ಹೇಳಲಿಲ್ಲವಂತೆ. ಮಾವ ಕೇಳಲೂ ಇಲ್ಲ, ಕೇಳುವ ಹಾಗಿರಲಿಲ್ಲ. ಅವ್ವ ಫೋನು ಇಟ್ಟು, ಆ ಹೊತ್ತಿಗೆ ಮಾಡಬೇಕಾಗಿರದಿದ್ದ ಕೆಲಸ, ಕೊಟ್ಟಿಗೆ ಗುಡಿಸಲು ಹೋದಳು.

ಹಸು ನಮ್ಮದೇ ಎಂದು ನಂಬಿ ಬೇಡವೆಂದರೋ, ನಮ್ಮದಲ್ಲ ಎಂದು ತಿಳಿದು ಬೇಡವೆಂದರೋ, ನನಗೆ ಗೊತ್ತಿಲ್ಲ. ಹಸುವಿಗೆ ಸಂಬಂಧವೇ ಇಲ್ಲದೆ, ಪರ್ಮನೆಂಟ್ ಅಲ್ಲ ಎಂದು ಯಾರೋ ಹೇಳಿರಲೂಬಹುದು. ಬೇಡ ಅಂದದ್ದು ದೊಡ್ಡಪ್ಪನೋ, ಅಮ್ಮನೋ, ಅವಳೋ, ಅದೂ ಗೊತ್ತಿಲ್ಲ. ಅವಳನ್ನು ಯಾರಾದರೂ ಕೇಳಿದರೋ ಇಲ್ಲವೋ, ಕೇಳಿದ್ದರೆ ಏನು ಹೇಳಿದಳು, ಗೊತ್ತಿಲ್ಲ.